ಆಡು ಕಾಯುವವನನ್ನು ಬಿಟ್ಟ ಕಾಯ್ದೆ

ಬೆನ್ಯಾಮಿನ್ ಅವರ 'ಆಡುಜೀವಿತಂ' ಕಾದಂಬರಿ ಶುರುವಾಗುವುದು ಪೊಲೀಸ್ ಠಾಣೆಯ ಬಾಗಿಲಲ್ಲಿ. ನಜೀಬ್ ಮತ್ತು ಹಮೀದ್ ಎಂಬ ಇಬ್ಬರು ರಿಯಾದ್ ನಗರದ ಠಾಣೆಯೊಂದರ ಮುಂದೆ ನಿಂತಿದ್ದಾರೆ. ಅವರು ಕದ್ದವರಲ್ಲ, ಯಾರನ್ನೂ ಹೊಡೆದವರಲ್ಲ. ಆದರೂ ತಮ್ಮನ್ನು ಹಿಡಿದು ಒಳಗೆ ಹಾಕಲಿ ಎಂದು ಕಾಯುತ್ತಿದ್ದಾರೆ. ಪೊಲೀಸರೋ ಅವರತ್ತ ತಿರುಗಿಯೂ ನೋಡುತ್ತಿಲ್ಲ. ತನ್ನ ಊರಿಗೆ ಮರಳಬೇಕಾದರೆ ಮೊದಲು ಜೈಲಿಗೆ ಹೋಗಲೇಬೇಕು ಎಂಬ ಸ್ಥಿತಿ ಒಬ್ಬ ಕೂಲಿಗಾರನಿಗೆ ಹೇಗೆ ಬರುತ್ತದೆ? ಇಡೀ ಕಾದಂಬರಿ ಈ ಪ್ರಶ್ನೆಯ ಮೇಲೆ ನಿಂತಿದೆ.

ಮಲಯಾಳದಲ್ಲಿ 2008ರಲ್ಲಿ ಪ್ರಕಟವಾದ ಈ ಕೃತಿಗೆ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಲವು ಭಾಷೆಗಳಿಗೆ ಹೋದ ಅದು ಕನ್ನಡಕ್ಕೂ ಬಂದಿದೆ. 2024ರ ಮಾರ್ಚ್ 28ರಂದು ಬ್ಲೆಸ್ಸಿ ನಿರ್ದೇಶನದ ಚಿತ್ರವಾಗಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ತೆರೆಗೆ ಬಂದಿತು. ಪುಸ್ತಕವನ್ನು ಓದದವರೂ ಈಗ ನಜೀಬನನ್ನು ಬಲ್ಲರು. ಆದರೆ ಕೃತಿಯ ಬಗ್ಗೆ ನಮ್ಮಲ್ಲಿ ನಡೆದ ಮಾತುಕತೆ ಬಹುಮಟ್ಟಿಗೆ ಮರುಭೂಮಿ, ಹಸಿವು, ಬಾಯಾರಿಕೆ, ನಟನೊಬ್ಬ ದೇಹ ಇಳಿಸಿಕೊಂಡ ಸಾಹಸ ಇವುಗಳ ಸುತ್ತಲೇ ಸುತ್ತಿತು. ಅಲ್ಲಾಹನ ಮೇಲೆ ಭರವಸೆಯಿಟ್ಟು ಬದುಕಿ ಬಂದ ಒಬ್ಬ ದಾಸನ ಕಥೆ ಎಂದು ನಮ್ಮ ಜುಮಾ ವೇದಿಕೆಗಳಲ್ಲೂ ಅದು ದೃಷ್ಟಾಂತವಾಗಬಹುದು. ಇವೆಲ್ಲ ತಪ್ಪಲ್ಲ. ಆದರೆ ಕಥೆಯ ನಡುವೆ ಒಂದು ಕಾಗದವಿದೆ. ಅದರ ಹೆಸರು ವೀಸಾ. ಆ ಕಾಗದವನ್ನು ಓದದೆ ಈ ಕೃತಿಯನ್ನು ಓದಿದೆವು ಎನ್ನುವಂತಿಲ್ಲ.

ಕಾಗಿಣಾ ದಂಡೆಯಿಂದ

ದಂಡೋತಿಯಂಥ ಊರಲ್ಲಿ ಕುಳಿತು ಈ ಕಾದಂಬರಿ ಓದುವವರಿಗೆ ನಜೀಬ್ ದೂರದವನಾಗಿ ಕಾಣುವುದಿಲ್ಲ. ಕೇರಳದಲ್ಲಿದ್ದಾಗ ಅವನ ಕಸುಬು ಹೊಳೆಯಲ್ಲಿ ಮುಳುಗಿ ಮರಳು ತೆಗೆಯುವುದು. ನಮ್ಮ ಕಾಗಿಣಾದಿಂದಲೂ ಮರಳು ಹೋಗುತ್ತದೆ. ಮಳೆಗಾಲದಲ್ಲಿ ಇದೇ ಹೊಳೆ ತುಂಬಿ ದಂಡೋತಿಯ ಸೇತುವೆ ಮುಳುಗಿದರೆ ದಾರಿ ನಿಲ್ಲುತ್ತದೆ. ಬೇಸಿಗೆಯಲ್ಲಿ ತೊಗರಿ ಹೊಲ ಬರಿದಾದ ಮೇಲೆ ಜನ ದುಡಿಯಲು ಹೊರಡುತ್ತಾರೆ. ಒಂದು ಕಾಲಕ್ಕೆ ಶಹಾಬಾದಿನ ಫರಸಿ ಕಲ್ಲಿನ ಗಣಿ, ವಾಡಿಯ ಸಿಮೆಂಟ್ ಕಾರ್ಖಾನೆ ಎಂದರೆ ದೊಡ್ಡ ಆಸರೆ. ಅದಕ್ಕೂ ಆಚೆ ಹೋಗುವವರು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಮುಂಬೈಗೋ ಹೈದರಾಬಾದಿಗೋ ಹೋಗುತ್ತಾರೆ. ಹೈದರಾಬಾದಿನಿಂದ ಮುಂದೆ ಕೊಲ್ಲಿಯ ದಾರಿ. ಕರಾವಳಿಯವರಿಗೆ ಮಂಗಳೂರು ಹೇಗೋ, ನಿಜಾಮರ ಕಾಲದ ನಂಟಿರುವ ಈ ಭಾಗದವರಿಗೆ ಹೈದರಾಬಾದ್ ಹಾಗೆ. "ವೀಸಾ ಬಂತೇನಪಾ?" ಎಂದು ಚಹಾದ ಅಂಗಡಿಯಲ್ಲಿ ಕೇಳಿದರೆ ಯಾವ ವೀಸಾ, ಯಾರ ಹೆಸರಿನದು, ಯಾವ ಕೆಲಸಕ್ಕೆ ಎಂದು ಯಾರೂ ಮುಂದೆ ಕೇಳುವುದಿಲ್ಲ. ಬಂತು ಎಂದರೆ ಬಂತು. ನಜೀಬನೂ ಹೀಗೆಯೇ ಹೋದವನು. ಮನೆ ಅಡವಿಟ್ಟು, ಬಸುರಿ ಹೆಂಡತಿಯನ್ನೂ ತಾಯಿಯನ್ನೂ ಬಿಟ್ಟು, ಕಟ್ಟಡ ಕಂಪನಿಯ ಕೆಲಸವೆಂದು ನಂಬಿ.

ವಿಮಾನ ನಿಲ್ದಾಣದಲ್ಲಿ ಯಾರೋ ಒಬ್ಬ ಅರಬಾಬ್ ಬಂದು ಅವನನ್ನೂ ಜೊತೆಯ ಹುಡುಗ ಹಕೀಮನನ್ನೂ ಹಳೆಯ ಗಾಡಿಗೆ ಹತ್ತಿಸಿಕೊಂಡು ಮರುಭೂಮಿಗೆ ಒಯ್ಯುತ್ತಾನೆ. ಅವನೇ ತನ್ನ ಕಫೀಲ್ ಎಂದು ನಜೀಬ್ ನಂಬಿದ್ದಾನೆ. ಕೇಳಲು ಭಾಷೆಯಿಲ್ಲ, ತೋರಿಸಲು ಕಾಗದವಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಆಡು, ಒಂಟೆಗಳ ನಡುವೆ ಅವನೂ ಒಂದು ಆಡಾಗುತ್ತಾನೆ.

ಶಿನಾಖ್ತಿಯ ಸಾಲು

ಕೃತಿಯ ಹೃದಯವಿರುವುದು ಮರುಭೂಮಿಯಲ್ಲಲ್ಲ, ಜೈಲಿನ ಅಂಗಳದಲ್ಲಿ ಎಂಬುದು ನನ್ನ ಅಭಿಪ್ರಾಯ. ತಪ್ಪಿಸಿಕೊಂಡು ಬಂದವರನ್ನು ಅಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅರಬಾಬರು ಬಂದು ಒಬ್ಬೊಬ್ಬರ ಮುಖ ನೋಡುತ್ತಾ ಹೋಗುತ್ತಾರೆ. ತನ್ನ ಆಳನ್ನು ಗುರುತಿಸಿದವನು ಅವನನ್ನು ವಾಪಸು ಕರೆದೊಯ್ಯಬಹುದು. ಯಾರೂ ಗುರುತಿಸದಿದ್ದರೆ ಕೈದಿ ಕೆಲವು ದಿನಗಳಲ್ಲಿ ತನ್ನ ದೇಶಕ್ಕೆ ರವಾನೆಯಾಗುತ್ತಾನೆ. ಹಮೀದನ ಒಡೆಯ ಬರುತ್ತಾನೆ, ಗುರುತಿಸುತ್ತಾನೆ, ಎಳೆದೊಯ್ಯುತ್ತಾನೆ. ಅವನ ಅಳುವನ್ನು ಕೇಳುವವರಿಲ್ಲ. ಆಮೇಲೆ ಒಂದು ದಿನ ನಜೀಬನ ಅರಬಾಬನೂ ಬರುತ್ತಾನೆ. ಎದುರಿಗೆ ನಿಲ್ಲುತ್ತಾನೆ. ನಜೀಬನ ಜೀವ ಬಾಯಿಗೆ ಬರುತ್ತದೆ. ಆದರೆ ಅರಬಾಬ್ ಮುಂದೆ ಹೋಗಿಬಿಡುತ್ತಾನೆ. ಇದು ದಯೆಯೇ, ಪಶ್ಚಾತ್ತಾಪವೇ? ಎರಡೂ ಅಲ್ಲ. ಇವನು ತನ್ನ ವೀಸಾದ ಮೇಲೆ ಬಂದವನಲ್ಲ, ಆಗಿದ್ದರೆ ಎಳೆದುಕೊಂಡೇ ಹೋಗುತ್ತಿದ್ದೆ ಎಂದು ಅರಬಾಬ್ ಹೇಳಿದನೆಂದು ಕಾವಲುಗಾರನಿಂದ ನಜೀಬನಿಗೆ ತಿಳಿಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಮಾನ ನಿಲ್ದಾಣದಿಂದ ಅಕ್ರಮವಾಗಿ ಒಯ್ಯಲ್ಪಟ್ಟ ನಜೀಬ್ ಬಿಡುಗಡೆಯಾದ. ಕಾಗದ ಸರಿಯಿದ್ದ ಹಮೀದ್ ವಾಪಸು ಹೋದ. ಅಂದರೆ ನಜೀಬನನ್ನು ಉಳಿಸಿದ್ದು ಕಾನೂನಲ್ಲ, ಅವನ ಒಡೆಯ ಕಾನೂನನ್ನು ಮುರಿದದ್ದು. ಒಡೆಯ ಕಾನೂನಿನಂತೆ ನಡೆದಿದ್ದರೆ ನಜೀಬ್ ಇನ್ನೂ ಮರುಭೂಮಿಯಲ್ಲಿರುತ್ತಿದ್ದ. ಕ್ರೌರ್ಯ ಅರಬಾಬನ ಸ್ವಭಾವದಲ್ಲಿ ಮಾತ್ರವಲ್ಲ, ನಿಯಮದಲ್ಲೇ ಇದೆ ಎಂಬುದನ್ನು ಬೆನ್ಯಾಮಿನ್ ಭಾಷಣ ಮಾಡದೆ ಒಂದು ಪುಟದಲ್ಲಿ ಮುಗಿಸುತ್ತಾರೆ. ಕಥೆ ಹೇಳುವ ನಜೀಬನಿಗೆ ನಿಯಮವೇ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ಓದುಗನಿಗೆ ಕಾಣಿಸುವುದು ಈ ಕಾದಂಬರಿಯ ದೊಡ್ಡ ಬಲ.

ಕೃತಿಯ ಮಿತಿಯನ್ನೂ ಹೇಳಬೇಕು. ನಜೀಬನನ್ನು ಮರುಭೂಮಿಯಿಂದ ದಾಟಿಸುವವನು ಇಬ್ರಾಹಿಂ ಖಾದಿರಿ ಎಂಬ ಆಫ್ರಿಕನ್. ದಾಟಿಸಿದ ಮೇಲೆ ಅವನು ಪವಾಡದಂತೆ ಮಾಯವಾಗುತ್ತಾನೆ. ರಸ್ತೆಯಲ್ಲಿ ಒಬ್ಬ ಸಜ್ಜನ ಅರಬ ತನ್ನ ಕಾರಿನಲ್ಲಿ ಕೂರಿಸಿಕೊಳ್ಳುತ್ತಾನೆ. ಊರಿನಲ್ಲಿ ಕುಂಜಿಕ್ಕ ಎಂಬ ಮಲಯಾಳಿ ಆಶ್ರಯ ಕೊಡುತ್ತಾನೆ. ಇವರೆಲ್ಲ ಇರುವುದರಿಂದ ಕಾದಂಬರಿ ಅರಬ ದ್ವೇಷಕ್ಕೆ ಬೀಳುವುದಿಲ್ಲ, ಒಳ್ಳೆಯದೇ. ಆದರೆ ಬಿಡುಗಡೆಯ ಪ್ರತಿ ಹೆಜ್ಜೆಯೂ ಒಂದು ಕರುಣೆ, ಒಂದು ಅದೃಷ್ಟ. ಎಲ್ಲಿಯೂ ಒಂದು ಹಕ್ಕು ಇಲ್ಲ. ನಜೀಬ್ ದುವಾ ಮಾಡುತ್ತಾನೆ, ದೂರು ಕೊಡುವುದಿಲ್ಲ. ದೂರು ಕೊಡಲು ಅವನಿಗೆ ಜಾಗವೇ ಇಲ್ಲ ಎಂಬುದು ನಿಜವೇ. ಆದರೂ ಪುಸ್ತಕ ಮುಚ್ಚಿದ ಮೇಲೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಅವನ ಸಹನೆ. ಅವನಿಗೆ ಬಾಕಿಯುಳಿದ ಕೂಲಿಯ ಲೆಕ್ಕವಲ್ಲ.

ಚಿತ್ರದಲ್ಲಿ ಈ ಓರೆ ಇನ್ನೂ ಹೆಚ್ಚಾಗಿದೆ. ಕಾದಂಬರಿ ಜೈಲಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮರುಭೂಮಿಯ ಪ್ರತಿ ಸಂಕಟವನ್ನೂ ನಾವು ಆ ಠಾಣೆಯ ಬಾಗಿಲಿನ ನೆನಪಿನಲ್ಲಿ ಓದುತ್ತೇವೆ. ಚಿತ್ರ ಮರುಭೂಮಿಯಿಂದ ಶುರುವಾಗುತ್ತದೆ, ಜೈಲು ಕೊನೆಯಲ್ಲಿ ಬೇಗ ಮುಗಿದುಹೋಗುತ್ತದೆ. ಪೃಥ್ವಿರಾಜರ ಅಭಿನಯ, ಹಕೀಮನ ಪಾತ್ರದ ಗೋಕುಲರ ಸಾವಿನ ದೃಶ್ಯ, ರೆಹಮಾನರ ಸಂಗೀತ ಇವುಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಮರಳುಗಾಡೇ ಖಳನಾಯಕನಾದಾಗ ನಿಯಮ ಪಾರಾಗುತ್ತದೆ. ಚಿತ್ರ ನೆಟ್‌ಫ್ಲಿಕ್ಸಿಗೆ ಬಂದ ಮೇಲೆ ಸೌದಿಯ ಅನೇಕರು ಸಾಮಾಜಿಕ ಜಾಲತಾಣಗಳಲ್ಲಿ ಸಿಟ್ಟಾದರು. ಒಬ್ಬ ದುಷ್ಟನನ್ನು ತೋರಿಸಿ ಇಡೀ ನಾಡಿಗೆ ಮಸಿ ಬಳಿದಿದ್ದಾರೆ ಎಂಬುದು ಅವರ ಆಕ್ಷೇಪ. ಇಲ್ಲಿ ನಮ್ಮ ದೇಶದಲ್ಲಿ ಮುಸ್ಲಿಮರನ್ನು ಹಳಿಯಲು ನೆಪ ಹುಡುಕುವವರಿಗೂ ಚಿತ್ರ ಒದಗಿತು. 'ಅರಬರೇ ಹೀಗೆ' ಎನ್ನುವವರು, 'ಇವನೊಬ್ಬ ಹೀಗೆ' ಎನ್ನುವವರು ಇಬ್ಬರೂ ವ್ಯಕ್ತಿಯ ಬಗ್ಗೆ ಮಾತಾಡಿದರು. ಶಿನಾಖ್ತಿಯ ಸಾಲಿನ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಬದಲಾದದ್ದು ಏನು?

'ಅದು ತೊಂಬತ್ತರ ದಶಕದ ಕಥೆ, ಈಗ ಎಲ್ಲ ಬದಲಾಗಿದೆ' ಎಂಬ ಮಾತೂ ಇದೆ. ಅದು ಅರ್ಧ ಸತ್ಯ. ಬದಲಾವಣೆಗಳು ಬಂದಿವೆ, ಅವನ್ನು ಮುಚ್ಚಿಡುವುದು ಅನ್ಯಾಯ. ಬಹರೈನ್ 2009ರಲ್ಲಿ ವಲಸೆ ಕಾರ್ಮಿಕರ ಪರವಾನಗಿಯ ಹೊಣೆಯನ್ನು ಸರಕಾರಿ ಪ್ರಾಧಿಕಾರಕ್ಕೆ ವಹಿಸಿತು. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡಲು ಮಾಲೀಕನ ಪರವಾನಗಿ ಬೇಕಿಲ್ಲವೆಂದಿತು. 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ನಿರಾಕ್ಷೇಪಣಾ ಪತ್ರವೂ ಬೇಡವೆಂದಿತು. 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ತಂದಿತು. ಸೌದಿ ಅರೇಬಿಯಾ 2020ರ ನವೆಂಬರಿನಲ್ಲಿ ಘೋಷಿಸಿದ ಸುಧಾರಣೆ 2021ರ ಮಾರ್ಚ್ 14ರಿಂದ ಜಾರಿಯಾಯಿತು. ಒಂದು ವರ್ಷ ದುಡಿದ ಕಾರ್ಮಿಕ ನಿಯಮಗಳಿಗೆ ಒಳಪಟ್ಟು ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆ ಕಡೆ ಸೇರಬಹುದು. ಊರಿಗೆ ಹೋಗಿ ಬರಲು ಅಥವಾ ಕೊನೆಯದಾಗಿ ಹೊರಡಲು ತಾನೇ ಅರ್ಜಿ ಹಾಕಬಹುದು. 2025ರ ಅಕ್ಟೋಬರಿನಲ್ಲಿ ನಮ್ಮ ದೇಶದ ಹಲವು ಪತ್ರಿಕೆಗಳು 'ಸೌದಿಯಲ್ಲಿ ಕಫಾಲಾ ಅಂತ್ಯ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದವು.

ಆದರೆ 2021ರ ಆ ಸುಧಾರಣೆಯಿಂದ ಹೊರಗಿಟ್ಟವರ ಪಟ್ಟಿಯೊಂದಿದೆ. ಮನೆಗೆಲಸದವರು, ಮನೆಯ ಕಾವಲುಗಾರರು, ಮನೆಯ ಡ್ರೈವರರು, ತೋಟ-ಹೊಲದ ಕೆಲಸದವರು, ಮತ್ತು ಕುರುಬರು. ಹೌದು, ಆಡು-ಕುರಿ ಕಾಯುವವರು. ಕಾದಂಬರಿ ಬಂದು ಹದಿಮೂರು ವರ್ಷಗಳ ಮೇಲೆ ಬಂದ ಸುಧಾರಣೆ ಯಾರ ಕಥೆಯನ್ನು ಜಗತ್ತು ಓದಿತ್ತೋ ಅವನನ್ನೇ ಬಾಗಿಲ ಹೊರಗೆ ನಿಲ್ಲಿಸಿತು. ಆಫೀಸಿನಲ್ಲಿ ಕೂತವನಿಗೆ, ಕಂಪನಿಯ ಸೈಟಿನಲ್ಲಿ ನೂರು ಜನರ ಜೊತೆ ದುಡಿಯುವವನಿಗೆ ದಾರಿ ತೆರೆಯಿತು. ಯಾರು ಒಂಟಿಯೋ, ಯಾರ ಸುತ್ತ ಮಾಲೀಕನ ಗೋಡೆಯೋ ಮರುಭೂಮಿಯೋ ಇದೆಯೋ, ಅವರಿಗೆ ತೆರೆಯಲಿಲ್ಲ. ಮನೆಗೆಲಸದವರಿಗೆ ಆಮೇಲೆ ಪ್ರತ್ಯೇಕ ನಿಯಮಗಳು ಬಂದವು. ಪ್ರತ್ಯೇಕ ಎಂಬುದೇ ಅವರು ಉಳಿದವರ ಸಮಾನರಲ್ಲ ಎಂದು ಹೇಳುತ್ತದೆ. ನಿಯಮದ ಬದಲಾವಣೆಯನ್ನು ಅಳೆಯುವುದಾದರೆ ಅದು ಒಳಗೆ ತೆಗೆದುಕೊಂಡವರಿಂದಲ್ಲ, ಹೊರಗೆ ಬಿಟ್ಟವರಿಂದ ಅಳೆಯಬೇಕು.

ಇನ್ನೊಂದು ಮಾತು. ಮಾಲೀಕರ ಮೇಲೆ ಬಂದ ನಿಯಮಗಳೂ ಕೊನೆಗೆ ಆಳಿನ ಬೆನ್ನ ಮೇಲೆಯೇ ಇಳಿಯುತ್ತವೆ. ಸೌದಿಯವರಿಗೆ ಇಂತಿಷ್ಟು ಕೆಲಸ ಕೊಡಬೇಕೆಂಬ ನಿತಾಕತ್ 2011ರಲ್ಲಿ ಬಂತು. 2013ರಲ್ಲಿ ಕಾಗದ ಸರಿಪಡಿಸಿಕೊಳ್ಳಲು ಗಡುವು ಕೊಟ್ಟು ತಪಾಸಣೆ ನಡೆಸಿದಾಗ ಸಿಕ್ಕಿಬಿದ್ದವರು 'ಆಜಾದ್ ವೀಸಾ'ದವರು. ಒಬ್ಬ ಕಫೀಲನ ಹೆಸರಿಗೆ ಹಣ ಕೊಟ್ಟು, ಹೊರಗೆ ಬೇರೆ ಕಡೆ ದುಡಿಯುವ ವ್ಯವಸ್ಥೆಗೆ ನಮ್ಮವರು ಇಟ್ಟ ಹೆಸರು ಅದು. ಆಜಾದ್ ಎಂದರೆ ಸ್ವತಂತ್ರ! ತನ್ನ ಹೆಸರನ್ನು ಬಾಡಿಗೆಗೆ ಕೊಟ್ಟ ಕಫೀಲ್ ಮನೆಯಲ್ಲೇ ಉಳಿದ, ಬಾಡಿಗೆ ಕಟ್ಟಿದವನು ವಿಮಾನ ಹತ್ತಿದ. 2017ರಿಂದ ಕುಟುಂಬದ ಸದಸ್ಯರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದು 2020ಕ್ಕೆ 400 ಆಯಿತು. ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಶಾಲೆಗೆ ಹೋಗುತ್ತಿದ್ದ ಮಕ್ಕಳು ಊರಿಗೆ ಮರಳಿದ್ದು ಹೀಗೆ.

ಕಫಾಲಾ ಮತ್ತು ಜೀತ

ಈ ವ್ಯವಸ್ಥೆಗೆ ಧರ್ಮದ ಬಣ್ಣ ಕೊಡುವವರಿಗೂ, ಧರ್ಮವೇ ಇದಕ್ಕೆ ಮೂಲ ಎನ್ನುವವರಿಗೂ ಒಂದು ಮಾತು ಹೇಳಬೇಕಿದೆ. ಕಫಾಲಾ ಎಂದರೆ ಹೊಣೆ ಹೊರುವುದು. ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದಲ್ಲಿ ಮರ್ಯಮರ ಪೋಷಣೆ ಝಕರಿಯ್ಯರ ಪಾಲಿಗೆ ಬಂದಾಗ ಬಳಕೆಯಾಗಿರುವುದು ಇದೇ ಧಾತುವಿನ ಪದ. ಅನಾಥನ ಹೊಣೆ ಹೊತ್ತವನು ಕಫೀಲ್. ಕೂಲಿಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ)ಯವರ ಸಮುದಾಯದಲ್ಲಿ ಆ ಪದ ಇನ್ನೊಬ್ಬನ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವನ ಹೆಸರಾದದ್ದು ನಮಗೆ ನಾಚಿಕೆಯ ವಿಷಯ. ವಲಸೆ ಕಾರ್ಮಿಕನನ್ನು ಒಬ್ಬ ಒಡೆಯನಿಗೆ ಕಟ್ಟಿಹಾಕುವ ಇಂದಿನ ಪದ್ಧತಿಯ ಬೇರು ಶರೀಅತ್ತಿನಲ್ಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬಹರೈನಿನ ಬ್ರಿಟಿಷ್ ಅಧಿಕಾರಿಗಳು ಮುತ್ತು ತೆಗೆಯುವ ದೋಣಿಗಳಿಗೆ ಬರುತ್ತಿದ್ದ ಹೊರಗಿನ ಕೂಲಿಗಾರರನ್ನು ಹತೋಟಿಯಲ್ಲಿಡಲು ರೂಪಿಸಿದ ಕ್ರಮಗಳಲ್ಲಿದೆ ಎಂದು ಸಂಶೋಧಕ ಒಮರ್ ಅಲ್‌ಶೆಹಾಬಿ ತೋರಿಸಿಕೊಟ್ಟಿದ್ದಾರೆ. ಸಾಮ್ರಾಜ್ಯದ ಪೊಲೀಸು ಕ್ರಮವೊಂದು ಅರಬಿ ಹೆಸರು ಹೊತ್ತು ಉಳಿದುಕೊಂಡಿತು.

ನಮಗೂ ಇದು ಅಪರಿಚಿತವಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಸಾಲಕ್ಕೆ ಮನುಷ್ಯನನ್ನೇ ಒತ್ತೆಯಿಡುವ 'ಭಾಗೇಲಾ' ಪದ್ಧತಿಯಿತ್ತು. ನಿಜಾಮ ಸರಕಾರ 1930ರ ದಶಕದಲ್ಲಿ ಅದನ್ನು ನಿಯಂತ್ರಿಸುವ ನಿಯಮವನ್ನೂ ಮಾಡಿತ್ತು. ಸ್ವತಂತ್ರ ಭಾರತದ 1976ರ ಜೀತ ನಿರ್ಮೂಲನ ಕಾಯ್ದೆ ಹೆಸರಿಸುವ ಪದ್ಧತಿಗಳ ಪಟ್ಟಿಯಲ್ಲಿ ಭಾಗೇಲಾ ಇದೆ, ಜೀತವೂ ಇದೆ. ನಿಯಮವಿದ್ದೂ ಜೀತ ಏಕೆ ಉಳಿಯಿತೆಂದರೆ, ಓಡಿಹೋದ ಆಳನ್ನು ಹಿಡಿದು ತರುವುದು ಒಡೆಯನ ಹಕ್ಕೆಂದು ಊರು ಒಪ್ಪಿಕೊಂಡಿತ್ತು. ರಿಯಾದಿನ ಜೈಲಿನ ಅಂಗಳದಲ್ಲಿ ನಡೆದದ್ದೂ ಅದೇ. ವ್ಯತ್ಯಾಸವಿಷ್ಟೇ: ಇಲ್ಲಿ ಸಾಲದ ಪತ್ರ, ಅಲ್ಲಿ ಇಕಾಮಾ. ಇಲ್ಲಿ 'ಓಡಿಹೋದ' ಎಂಬ ಮಾತು, ಅಲ್ಲಿ 'ಹುರೂಬ್' ಎಂಬ ಸರಕಾರಿ ನೋಂದಣಿ.

ನಮ್ಮ ಜಿಲ್ಲೆಯ ಮೂವರು

ಕಫೀಲನೇ ಇಲ್ಲದ ದೇಶಕ್ಕೆ ಹೋದರೆ ಬದುಕಿದೆವು ಎಂದುಕೊಳ್ಳುವಂತೆಯೂ ಇಲ್ಲ. 2023ರ ಕೊನೆಗೆ ಕಲಬುರಗಿ ಜಿಲ್ಲೆಯ ಮೂವರು ಮುಸ್ಲಿಮ್ ಯುವಕರು ರಷ್ಯಾಕ್ಕೆ ಹೋದರು. ಸೆಕ್ಯೂರಿಟಿ, ಹೆಲ್ಪರ್ ಕೆಲಸ ಎಂದು ಏಜೆಂಟರು ನಂಬಿಸಿದ್ದರು. ಓದಲು ಬಾರದ ರಷ್ಯನ್ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿಸಿ, ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧದ ಗಡಿಗೆ ಕಳಿಸಲಾಯಿತು. 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ಮಾರ್ಚಿನಲ್ಲಿ ಸಿಬಿಐ ಮಾನವ ಸಾಗಣೆಯ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಅದೇ ಜಾಲದಲ್ಲಿ ಸಿಕ್ಕಿದ್ದ ಹೈದರಾಬಾದಿನ ಯುವಕನೊಬ್ಬ ಅಲ್ಲೇ ಸತ್ತ. ನಮ್ಮ ಜಿಲ್ಲೆಯ ಮೂವರು ಸೆಪ್ಟೆಂಬರಿನಲ್ಲಿ ಜೀವಂತ ಮರಳಿದರು, ಅಲ್‌ಹಮ್ದುಲಿಲ್ಲಾಹ್.

ಆಡುಜೀವಿತಂ ಚಿತ್ರ ತೆರೆಯ ಮೇಲಿದ್ದ ದಿನಗಳಲ್ಲೇ ಈ ಹುಡುಗರು ಅಲ್ಲಿ ಸಿಕ್ಕಿಬಿದ್ದಿದ್ದರು. ನಜೀಬನಿಗಾಗಿ ಅತ್ತ ಪ್ರೇಕ್ಷಕರಲ್ಲಿ ಎಷ್ಟು ಜನ ಆ ಮೂರು ಮನೆಗಳ ಬಾಗಿಲಿಗೆ ಹೋದರು? ಕಲೆಯ ಮುಂದೆ ಸುರಿಸಿದ ಕಣ್ಣೀರು ಓಣಿಯ ತನಕ ಬರದಿದ್ದರೆ ಅದು ಕಲೆಯ ದೋಷವಲ್ಲ, ನಮ್ಮದು. ಇಬ್ಬರ ಕಥೆಯಲ್ಲೂ ಸಾಮಾನ್ಯವಾದುದು ಒಂದೇ: ಹೇಳಿದ ಕೆಲಸ ಒಂದು, ಕಾಗದದಲ್ಲಿದ್ದ ಕೆಲಸ ಇನ್ನೊಂದು, ಆ ಕಾಗದವನ್ನು ಓದಿಹೇಳುವವರು ಯಾರೂ ಇಲ್ಲ.

ನಮ್ಮ ದೇಶದ ಕಾಯ್ದೆ ಏನು ಮಾಡುತ್ತದೆ? 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ. ಇದು ಕಾಗದದ ಮಾತು. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಬದಲಿಸಿಕೊಳ್ಳುವ ಕಳ್ಳದಾರಿ ಹಿಡಿದವನು ಈ ಯಾವ ರಕ್ಷಣೆಗೂ ಸಿಗುವುದಿಲ್ಲ. ಹತ್ತನೇ ತರಗತಿ ಪಾಸಾದವನು ಬುದ್ಧಿವಂತ, ಅವನಿಗೆ ಮೋಸವಾಗದು ಎಂಬ ನಂಬಿಕೆಯನ್ನು ರಷ್ಯಾದ ಪ್ರಕರಣ ಸುಳ್ಳು ಮಾಡಿತು. ಹಳೆಯ ಕಾಯ್ದೆಯ ಜಾಗಕ್ಕೆ ತರಬೇಕೆಂದು ಕೇಂದ್ರ ಸರಕಾರ 2025ರಲ್ಲಿ ಹೊಸ ಮಸೂದೆಯ ಕರಡು ಪ್ರಕಟಿಸಿತು. ಅದನ್ನೂ ನಾವು ಅದೇ ಕಣ್ಣಿನಿಂದ ಓದಬೇಕು: ಅದು ಹೊರಗೆ ಬಿಟ್ಟವರು ಯಾರು?

ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ ಮಾಡಿಕೊಂಡಿತು. ಆಡುಜೀವಿತಂನಂಥ ಕಾದಂಬರಿ ಆ ನೆಲದಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಅಲ್ಲಿ ಮನೆಮನೆಯ ಅನುಭವ ಮಾತಾಗಿದೆ, ಮಾತು ಇಲಾಖೆಯಾಗಿದೆ, ಸಾಹಿತ್ಯವೂ ಆಗಿದೆ. ಕನ್ನಡದಲ್ಲಿ ಕರಾವಳಿಯ ಮುಸ್ಲಿಮ್ ಲೇಖಕರ ಬರಹಗಳಲ್ಲಿ ಕೊಲ್ಲಿಯ ನೆರಳು ಇದೆ. ಆದರೆ ಕಲ್ಯಾಣ ಕರ್ನಾಟಕದಿಂದ, ದಖನಿ ಮಾತಾಡುತ್ತಾ ಕನ್ನಡದಲ್ಲಿ ಬದುಕುವ ಕಲಬುರಗಿ, ಬೀದರದ ಮನೆಗಳಿಂದ ಹೋದವರ ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ. ನಮ್ಮ ನಜೀಬರಿಗೆ ಬೆನ್ಯಾಮಿನ್ ಸಿಕ್ಕಿಲ್ಲ. ನಮ್ಮಂಥ ಪತ್ರಿಕೆಗಳೂ ಉಮ್ರಾ ಯಾತ್ರೆಯ ಬಗ್ಗೆ ಬರೆದಷ್ಟು ಅಲ್ಲಿ ಕಸ ಗುಡಿಸುವವನ ಬಗ್ಗೆ ಬರೆದಿಲ್ಲ. ಕೊಲ್ಲಿಯ ಹಣದಿಂದ ಮಸೀದಿಯ ಮಿನಾರ ಎತ್ತರವಾದಾಗ ದಾನಿಯ ಹೆಸರು ಕಲ್ಲಿನಲ್ಲಿ ಕೆತ್ತುತ್ತೇವೆ. ಆ ಹಣ ಎಷ್ಟು ವರ್ಷ ಊರಿಗೆ ಬರಲಾಗದವನ ಬೆವರು ಎಂದು ಕೇಳುವುದಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಚಿತ್ತಾಪುರ, ಸೇಡಂ, ಶಹಾಬಾದಿನಂಥ ಊರುಗಳ ಮಸೀದಿ ಕಮಿಟಿಗಳು, ಶಾಲೆಯ ಮಾಸ್ತರರು, ವಕೀಲರು ಕೂಡಿದರೆ ಹೋಗುವವನ ವೀಸಾವನ್ನೂ ಒಪ್ಪಂದವನ್ನೂ ಅವನಿಗೆ ತಿಳಿಯುವ ಕನ್ನಡ ಅಥವಾ ಉರ್ದುವಿನಲ್ಲಿ ಓದಿಹೇಳಬಹುದು. ಅದರ ಒಂದು ನಕಲು ಮನೆಯಲ್ಲಿ ಇಡಿಸಬಹುದು. ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಸಹಾಯಕ್ಕೊಂದು ಕಚೇರಿ ಕಲಬುರಗಿಯಲ್ಲೇ ಬೇಕೆಂದು ಸರಕಾರವನ್ನು ಕೇಳಬಹುದು.

ಹಮೀದನನ್ನು ಎಳೆದೊಯ್ದ ಮೇಲೆ ಅವನೇನಾದನೆಂದು ಕಾದಂಬರಿ ಹೇಳುವುದಿಲ್ಲ. ನಜೀಬ್ ವಿಮಾನ ಹತ್ತಿದ ಸಂತೋಷದಲ್ಲಿ ನಾವೂ ಅವನನ್ನು ಮರೆತುಬಿಡುತ್ತೇವೆ. 'ಆಡುಜೀವಿತಂ' ಕೃತಿಯನ್ನು ಇನ್ನೊಮ್ಮೆ ಓದುವವರು ದಯವಿಟ್ಟು ಹಮೀದನನ್ನು ಹುಡುಕುತ್ತಾ ಓದಿರಿ. ಅವನ ಕಾಗದಪತ್ರ ಎಲ್ಲ ಸರಿಯಿತ್ತು.